30×40 ನಿವೇಶನದಲ್ಲಿ ನಾಲ್ಕು ಮಹಡಿ ಕಟ್ಟಬಹುದೇ? ಸುತ್ತ ಜಾಗ ಬಿಟ್ಟರೆ ನಷ್ಟವೇ?

ಪ್ರಶ್ನೆ: ಬೆಂಗಳೂರಿನ ಪಶ್ಚಿಮ ಭಾಗದ ಬಿಡಿಎ ಬಡಾವಣೆಯೊಂದರಲ್ಲಿ ನಮ್ಮ ತಂದೆಗೆ ಹಂಚಿಕೆಯಾಗಿದ್ದ 9×12 ಮೀಟರ್ ನಿವೇಶನವಿದೆ. ಪೂರ್ವಕ್ಕೆ 30 ಅಡಿ ರಸ್ತೆ, ನಮ್ಮ ಬದಿಯಲ್ಲೇ ಕರೆಂಟ್ ಕಂಬಗಳ ಸಾಲು. ಹಿಂದಿನ ಸೈಟು, ಅದರಾಚೆಯ ರಸ್ತೆ ದಾಟಿದರೆ ಒಂದು ದೊಡ್ಡ ಮೋರಿ. ಅದು ರಾಜಕಾಲುವೆ ಎಂದು ಕೆಲವರು, ಅಲ್ಲ ಎಂದು ಕೆಲವರು. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ ಎತ್ತೋಣ, ಮುಂದೆ ಮೂರಡಿ, ದಕ್ಷಿಣಕ್ಕೆ ಎರಡಡಿ ಬಿಟ್ಟರೆ ಸಾಕು, ಹಿಂದೆ ಮತ್ತು ಉತ್ತರಕ್ಕೆ ಏನೂ ಬೇಡ ಎನ್ನುತ್ತಾರೆ ಕಂಟ್ರಾಕ್ಟರ್. "ಈ ಬೀದೀಲಿ ಯಾರು ಬಿಟ್ಟಿದಾರೆ ತೋರಿಸಿ, ಮುಂದೆ ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ" ಅನ್ನುವುದು ಅವರ ಮಾತು. ತಾಯಿಗೆ 74 ವರ್ಷ, ನಮ್ಮ ಜತೆಯಲ್ಲೇ ಇರುತ್ತಾರೆ. ಒಂದಿಷ್ಟು ಬಾಡಿಗೆಯೂ ಬರಬೇಕು. ಕಾನೂನು ಎಷ್ಟು ಕಟ್ಟಲು ಬಿಡುತ್ತದೆ? ಜಾಗ ಬಿಟ್ಟರೆ ನಮಗೆ ನಷ್ಟವಲ್ಲವೇ?

ಉತ್ತರ: ನಿಮ್ಮ ಕಂಟ್ರಾಕ್ಟರ್ ಹೇಳಿದ ಮನೆಯನ್ನು ಕಟ್ಟಬೇಡಿ. ಕಾನೂನಿನ ಭಯ ಹುಟ್ಟಿಸಲು ಈ ಮಾತು ಹೇಳುತ್ತಿಲ್ಲ. ನಿಮಗೆ ಬೇಕಾದ ಮನೆ, ತಾಯಿಗೆ ಒಂದು ಒಳ್ಳೆಯ ಕೋಣೆ, ಮೇಲೊಂದು ಬಾಡಿಗೆ ಮನೆ, ಇಷ್ಟೂ ನಿಯಮದ ಒಳಗೇ ಬರುತ್ತದೆ. ಲೆಕ್ಕ ಹಾಕಿ ತೋರಿಸುತ್ತೇನೆ.

ಜನ ಮೊದಲು ಮನೆಯ ನಕ್ಷೆ ಹಾಕಿಸುತ್ತಾರೆ, ಆಮೇಲೆ ನಿಯಮದತ್ತ ನೋಡುತ್ತಾರೆ. ನಿಯಮಗಳು ಓಡುವುದು ಇದಕ್ಕೆ ತದ್ವಿರುದ್ಧವಾಗಿ, ರಸ್ತೆಯಿಂದ ಮನೆಯ ಕಡೆಗೆ. ಎಷ್ಟು ಕಟ್ಟಬಹುದು ಎಂಬುದನ್ನು ನಿಮ್ಮ ಸೈಟಿನ ಅಳತೆಯ ಜತೆಗೆ ಎದುರಿನ ರಸ್ತೆಯ ಅಗಲವೂ ತೀರ್ಮಾನಿಸುತ್ತದೆ. ಆದ್ದರಿಂದ ಟೇಪು ಹಿಡಿದು ಮೊದಲು ರಸ್ತೆ ಅಳೆಯಿರಿ. ಡಾಂಬರನ್ನು ಮಾತ್ರ ಅಳೆದರೆ ಸಾಲದು. ನಿಮ್ಮ ಗಡಿಯಿಂದ ಎದುರು ಮನೆಯ ಗಡಿಯವರೆಗೆ, ಚರಂಡಿ, ಪಾದಚಾರಿ ಮಾರ್ಗ ಎಲ್ಲ ಸೇರಿಸಿ ನೇರ ಅಡ್ಡಲಾಗಿ ಹಿಡಿಯಬೇಕು. ಎದುರಿನವರು ಮೆಟ್ಟಿಲನ್ನೋ ಹೂವಿನ ಪಾತಿಯನ್ನೋ ರಸ್ತೆಗೆ ಚಾಚಿದ್ದರೆ ಅದನ್ನು ಗಡಿ ಎಂದು ತಿಳಿಯಬೇಡಿ, ಬಡಾವಣೆ ನಕ್ಷೆಯಲ್ಲಿರುವ ಅಗಲ ನೋಡಿ.

ಸೈಟನ್ನೂ ಹಾಗೆಯೇ ಅಳೆಯಿರಿ. ನಾಲ್ಕು ಬದಿಯ ಜತೆಗೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು ಬರೆದಿಡಿ. 9×12ಕ್ಕೆ ಎರಡೂ ಕರ್ಣ ಸರಿಯಾಗಿ 15 ಮೀಟರ್ ಬರಬೇಕು. ವ್ಯತ್ಯಾಸ ಕಂಡರೆ ಪಕ್ಕದವರ ಕಾಂಪೌಂಡು ಒಳಗೆ ಬಂದಿದೆ ಅಥವಾ ನಿಮ್ಮದು ಹೊರಗೆ ಹೋಗಿದೆ. ಪಾಯ ತೋಡುವ ಮೊದಲು ಇದನ್ನು ಬಗೆಹರಿಸಿಕೊಂಡರೆ ಮುಂದೆ ಬೀದಿ ಜಗಳ ತಪ್ಪುತ್ತದೆ.

ಈಗ ಲೆಕ್ಕ. ಬೆಂಗಳೂರಿಗೆ ಇಂದಿಗೂ ಆಧಾರವಾಗಿರುವುದು 2007ರಲ್ಲಿ ಅನುಮೋದನೆಯಾದ ಪರಿಷ್ಕೃತ ಮಹಾಯೋಜನೆ-2015 ಮತ್ತು ಅದರ ವಲಯ ನಿಯಮಗಳು. 2031ರ ಹೆಸರಿನ ಕರಡು 2017ರಲ್ಲಿ ಬಂತು, 2020ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೀಗಾಗಿ ಹಳೆಯ ನಿಯಮಗಳ ಮೇಲೆಯೇ ತಿದ್ದುಪಡಿಗಳು ಬೀಳುತ್ತಾ ಬಂದಿವೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳು ಬಂದವು. ನೀವು ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಅಳತೆಗಳ ಕೋಷ್ಟಕವೇ ನಿಮಗೆ ಅನ್ವಯ. ಅದರ ಪ್ರತಿಯನ್ನು ನಿಮ್ಮ ಪಾಲಿಕೆಯ ನಗರ ಯೋಜನೆ ವಿಭಾಗದಿಂದ ತರಿಸಿ ಎದುರಿಗಿಟ್ಟುಕೊಂಡೇ ಎಂಜಿನಿಯರ್ ಜತೆ ಕೂರಿ. ನಾನು ಇಲ್ಲಿ ಹಿಡಿಯುವುದು 2007ರ ನಿಯಮಗಳ ಮೂಲ ಅಳತೆಗಳನ್ನು.

ಎಫ್‌ಎಆರ್ ಎಂದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ಸೈಟಿನ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆ. 360 ಚದರ ಮೀಟರ್‌ವರೆಗಿನ ವಾಸದ ಸೈಟಿಗೆ, ಎದುರಿನ ರಸ್ತೆ 12 ಮೀಟರ್ ಒಳಗಿದ್ದರೆ, ಈ ಎಫ್‌ಎಆರ್ 1.75. ನೆಲ ಮುಚ್ಚುವ ಭಾಗ ಶೇ 75 ಮೀರಬಾರದು. ನಿಮ್ಮದು 108 ಚದರ ಮೀಟರ್. 108ನ್ನು 1.75ರಿಂದ ಗುಣಿಸಿದರೆ 189 ಚದರ ಮೀಟರ್, ಮೇಸ್ತ್ರಿಗಳ ಭಾಷೆಯಲ್ಲಿ ಸುಮಾರು ಇಪ್ಪತ್ತು ಚದರ (ಒಂದು ಚದರವೆಂದರೆ 100 ಚದರ ಅಡಿ). ಎಲ್ಲ ಮಹಡಿ ಸೇರಿ ನಿಮಗೆ ಸಿಗುವ ಒಟ್ಟು ಕಟ್ಟಡ ಇಷ್ಟು. ಕಾರು ನಿಲ್ಲಿಸುವ ಜಾಗ, ತಾರಸಿಯ ಮೇಲಿನ ಮೆಟ್ಟಿಲ ಕೋಣೆ, ನೀರಿನ ಟ್ಯಾಂಕು ಇದರಲ್ಲಿ ಸೇರುವುದಿಲ್ಲ.

ಕಂಟ್ರಾಕ್ಟರ್ ಹೇಳಿದ್ದನ್ನು ಇದೇ ತಕ್ಕಡಿಗೆ ಹಾಕಿ. ಮುಂದೆ ಮೂರಡಿ, ಅಂದರೆ ಹೆಚ್ಚುಕಡಿಮೆ 1 ಮೀಟರ್. ಪಕ್ಕಕ್ಕೆ ಎರಡಡಿ, ಅಂದರೆ 0.6 ಮೀಟರ್. ಉಳಿಯುವುದು 8.4×11, ಅಂದರೆ ಒಂದು ಮಹಡಿಗೆ 92.4 ಚದರ ಮೀಟರ್. ನೆಲದ ಮೇಲೆಯೇ ಶೇ 85 ದಾಟಿತು. ನಾಲ್ಕು ಮಹಡಿಗೆ ಸುಮಾರು 370 ಚದರ ಮೀಟರ್, ಎಫ್‌ಎಆರ್ 3.4. ಅನುಮತಿ ಇರುವುದು 189ಕ್ಕೆ, ಕಟ್ಟುವುದು 370. ಹತ್ತಿರ ಹತ್ತಿರ ಎರಡರಷ್ಟು. ಗೋಡೆ ಒಂದು ಗೇಣು ಆಚೀಚೆ ಆಯಿತು ಎಂದು ಸಮಜಾಯಿಷಿ ಕೊಡಬಹುದಾದ ವ್ಯತ್ಯಾಸವಲ್ಲ ಇದು. ಒಂದು ಸೈಟಿನ ಮೇಲೆ ಎರಡು ಸೈಟಿನ ಮನೆ ನಿಲ್ಲಿಸಿದ ಹಾಗೆ.

ಇನ್ನು ಅಕ್ರಮ-ಸಕ್ರಮ. ಈ ಒಂದು ಮಾತನ್ನು ನಂಬಿ ದುಡ್ಡು ಹಾಕಿದ ಎಷ್ಟೋ ಸಂಸಾರಗಳನ್ನು ನೋಡಿದ್ದೇನೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ ಯೋಜನೆ 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದ ಕಟ್ಟಡಗಳಿಗೆ. ವಾಸದ ಮನೆಯಾದರೆ ಶೇ 50ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಉದ್ದೇಶ ಅದರದು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನೀವು ಇನ್ನೂ ಪಾಯವನ್ನೇ ತೋಡಿಲ್ಲ. ಆ ದಿನಾಂಕದೊಳಗೆ ನಿಮ್ಮ ಮನೆ ಬರುವುದು ಸಾಧ್ಯವೇ ಇಲ್ಲ. ಬಂದಿದ್ದರೂ ಶೇ 50ರ ಮಿತಿಯೊಳಗೆ ನಿಲ್ಲುತ್ತಿರಲಿಲ್ಲ. ಕಂಟ್ರಾಕ್ಟರ್‌ಗೆ ಇದು ಗೊತ್ತಿಲ್ಲದಿರಬಹುದು, ಆದರೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ಅದಕ್ಕಿಂತ ಹತ್ತಿರದ ತೊಂದರೆ ಕರೆಂಟು, ನೀರಿನದು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರ (ಮಂಜೂರಾದ ನಕ್ಷೆಯಂತೆ ಕಟ್ಟಡ ಮುಗಿದಿದೆ ಎಂದು ಪಾಲಿಕೆ ಕೊಡುವ ಒಸಿ) ಇಲ್ಲದ ಹೊಸ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಡಿ ಎಂದು ಹೇಳಿದೆ. ಬ್ಯಾಂಕುಗಳೂ ಆ ಪತ್ರ ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು ಎಂದಿದೆ. ಆ ಮೇಲೆ ರಾಜ್ಯದಲ್ಲಿ ಎಷ್ಟೋ ಮನೆಗಳು ಸಂಪರ್ಕ ಸಿಗದೆ ಕಾದವು. 2025ರಲ್ಲಿ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನಗಳ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಡಲು ತೀರ್ಮಾನಿಸಿತು. ನಿಮ್ಮ ಸೈಟು ಆ ಅಳತೆಯೊಳಗೇ ಇದೆ. ಆದರೆ ವಿನಾಯಿತಿ ಇರುವುದು ನೆಲಮಹಡಿ ಮತ್ತು ಮೇಲೆ ಎರಡು ಮಹಡಿಗೆ, ಇಲ್ಲವೇ ಸ್ಟಿಲ್ಟ್ ಪಾರ್ಕಿಂಗ್ (ಬರೀ ಕಂಬಗಳ ಮೇಲೆ ನಿಂತ ತೆರೆದ ಕೆಳಮಹಡಿ) ಮತ್ತು ಮೂರು ಮಹಡಿಗೆ. ನಾಲ್ಕನೆಯ ಮಹಡಿ ಎತ್ತಿದರೆ ನೀವು ಆ ರಿಯಾಯಿತಿಯಿಂದ ಹೊರಗೆ. ಎಫ್‌ಎಆರ್ ಮೀರಿದ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರವೂ ಸಿಗುವುದಿಲ್ಲ. ಬಾಡಿಗೆ ತರಬೇಕಾದ ಆ ಒಂದು ಮಹಡಿಯಿಂದ ಇಡೀ ಮನೆಯ ಮೀಟರ್ ನಿಂತುಹೋಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಜಾಗ ಬಿಟ್ಟರೆ ನಷ್ಟವೇ? ನನಗೆ ಈ ಪ್ರಶ್ನೆಯೇ ಮುಖ್ಯ.

ಮೊದಲು ಒಂದು ಹಳೆಯ ಸಂಗತಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಹೆಚ್ಚು ನರಳಿದ್ದು ಗೋಡೆಗೆ ಗೋಡೆ ಅಂಟಿಕೊಂಡಿದ್ದ ಪೇಟೆಯ ಕೇರಿಗಳು. ಆ ಕಾಲದಲ್ಲೇ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರದಲ್ಲಿ ಅಗಲ ರಸ್ತೆ, ಮನೆಗಳ ಹಿಂದೆ ಕೊಳಚೆ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ, ಮನೆಯ ಸುತ್ತ ಗಾಳಿಯಾಡುವ ಜಾಗ ಬಂದವು. ಇವತ್ತು ಸೆಟ್‌ಬ್ಯಾಕ್ ಎನ್ನುವುದು, ಅಂದರೆ ಗಡಿಯಿಂದ ಗೋಡೆಯವರೆಗೆ ಬಿಡಬೇಕಾದ ಖಾಲಿ ಜಾಗ, ಬಂದಿರುವುದು ಇದೇ ಆರೋಗ್ಯದ ಕಾಳಜಿಯಿಂದ. ನಿಮ್ಮ ಅಳತೆಯ ಸೈಟಿಗೆ ಕೋಷ್ಟಕ ಕೇಳುವ ಸೆಟ್‌ಬ್ಯಾಕ್ 1 ಮೀಟರ್‌ನ ಆಸುಪಾಸಿನಲ್ಲೇ ಸುತ್ತುತ್ತದೆ. ಅದು ದೊಡ್ಡ ಬೇಡಿಕೆಯಲ್ಲ. ನನ್ನನ್ನು ಕೇಳಿದರೆ, ಕೋಷ್ಟಕ ಸ್ವಲ್ಪ ಕಡಿಮೆ ಕೇಳಿದರೂ ಸುತ್ತ 1 ಮೀಟರ್ ಬಿಡಿ.

ಏಕೆ ಎಂದು ಬಿಸಿಲನ್ನೇ ಹಿಡಿದು ಹೇಳುತ್ತೇನೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ ಮತ್ತು ಸೆಪ್ಟೆಂಬರ್ ಮೂರನೇ ವಾರದ ಮಧ್ಯಾಹ್ನ ಸೂರ್ಯ ದಕ್ಷಿಣದ ಕಡೆಗೆ ಸ್ವಲ್ಪ ವಾಲಿ, ನೆಲದಿಂದ 77 ಡಿಗ್ರಿ ಎತ್ತರದಲ್ಲಿರುತ್ತಾನೆ. ನೀವು 1 ಮೀಟರ್, ದಕ್ಷಿಣದ ಪಕ್ಕದವರು 1 ಮೀಟರ್ ಬಿಟ್ಟರೆ ನಡುವೆ 2 ಮೀಟರ್ ಸಂದು. ಪಕ್ಕದ ಮನೆ ನಿಮ್ಮಷ್ಟೇ ಎತ್ತರವಿದ್ದರೆ ಆ ಹೊತ್ತಿನ ಬಿಸಿಲು ನಿಮ್ಮ ಗೋಡೆಯ ಮೇಲೆ ತಾರಸಿಯಿಂದ ಸುಮಾರು 8.7 ಮೀಟರ್ ಕೆಳಗೆ ಇಳಿಯುತ್ತದೆ. ಅಂದರೆ ನೆಲಮಹಡಿಯ ಕಿಟಕಿಯ ತನಕ ಬರುತ್ತದೆ. ಸಂದು ಎರಡೇ ಅಡಿಯಾದರೆ ಬಿಸಿಲು 2.6 ಮೀಟರ್‌ಗೆ ನಿಂತುಬಿಡುತ್ತದೆ. ಮೇಲಿನ ಮಹಡಿಗಷ್ಟೇ ಬೆಳಕು, ಕೆಳಗಿನ ಎರಡಕ್ಕೆ ನೆರಳು. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ 54 ಡಿಗ್ರಿಯ ಹತ್ತಿರಕ್ಕೆ ಇಳಿಯುವುದರಿಂದ 2 ಮೀಟರ್ ಸಂದಿನಲ್ಲೂ ಬಿಸಿಲು ಮೂರು ಮೀಟರ್‌ಗಿಂತ ಕೆಳಗೆ ಬರುವುದಿಲ್ಲ, ಆಕಾಶದ ಬೆಳಕನ್ನೇ ನೆಚ್ಚಬೇಕು. ಆ ಬೆಳಕಿಗೂ ಸಂದಿನ ಅಗಲವೇ ಆಧಾರ. ನಿಮ್ಮ ತಾಯಿ ಹಗಲೆಲ್ಲ ಮನೆಯಲ್ಲಿರುವವರು. ಈ ಅಗಲದ ವ್ಯತ್ಯಾಸ ಎಲ್ಲರಿಗಿಂತ ಹೆಚ್ಚಾಗಿ ಅವರಿಗೆ ಗೊತ್ತಾಗುತ್ತದೆ.

ಒಂದಡಿ ಸಂದಿನ ಕಥೆ ಹೇಗಿರುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಎರಡು ಮನೆಗಳ ನಡುವೆ ಒಂದಡಿ ಜಾಗ. ಎರಡೂ ಮನೆಯ ಬಚ್ಚಲು, ಪಾಯಿಖಾನೆಯ ಪೈಪುಗಳು ಅದರೊಳಗೇ ಇಳಿದಿದ್ದವು. ಎರಡನೇ ಮಹಡಿಯ ಮಟ್ಟದಲ್ಲಿ ಒಂದು ಜಾಯಿಂಟು ಬಿಟ್ಟುಕೊಂಡಿತ್ತು. ಒಳಗೆ ತೂರಲು ಪ್ಲಂಬರ್‌ಗೆ ಜಾಗವಿಲ್ಲ, ಸಾರವೆ ಕಟ್ಟಲು ಜಾಗವಿಲ್ಲ. ಮೇಲಿಂದ ಹಗ್ಗಕ್ಕೆ ಟಾರ್ಚು ಕಟ್ಟಿ ಇಳಿಬಿಟ್ಟು ನೋಡಿದರೆ, ಗಿಲಾವೇ ಕಾಣದ ಬರಿ ಸಿಮೆಂಟ್ ಇಟ್ಟಿಗೆ ಗೋಡೆಯ ಮೇಲೆ ಹಸಿರು ಪಾಚಿ, ಪೈಪಿನ ಬುಡದಲ್ಲಿ ಬೇರುಬಿಟ್ಟ ಅರಳಿ ಗಿಡ. ನೀರು ಇಟ್ಟಿಗೆಯಲ್ಲಿ ಇಳಿದು ಕೆಳಗಿನ ಕೋಣೆಯ ಬೀರುವಿನ ಹಿಂದೆ ಬೂಸಲು ಹಿಡಿದಿತ್ತು, ಒಳಗಿದ್ದ ರೇಷ್ಮೆ ಸೀರೆಗಳೆಲ್ಲ ಕಲೆಯಾಗಿದ್ದವು. ಕೊನೆಗೆ ಮಲಗುವ ಕೋಣೆಯ ಗೋಡೆಯನ್ನೇ ಒಳಗಿನಿಂದ ಒಡೆದು ಪೈಪು ಸರಿಮಾಡಿಸಬೇಕಾಯಿತು. ಉಳಿಸಿದ ಎರಡಡಿ ಜಾಗದ ಬೆಲೆ ಅಲ್ಲಿಗೆ ಹೋಯಿತು.

ಪಾಯದ ವಿಷಯವೂ ಇದೆ. ಗಡಿಗೆ ಸರಿಯಾಗಿ ಕಂಬ ನಿಲ್ಲಿಸಿದರೆ ಅದರ ಅಡಿಯ ಫುಟಿಂಗ್ (ಭಾರವನ್ನು ನೆಲಕ್ಕೆ ಹರಡುವ ಕಾಂಕ್ರೀಟ್ ಹಾಸು) ಎರಡೂ ಕಡೆ ಸಮನಾಗಿ ಹರಡಲಾಗದು, ಪಕ್ಕದವರ ನೆಲಕ್ಕೆ ಹೋಗಬೇಕಾಗುತ್ತದೆ. ಹೋಗದೆ ಒಂದೇ ಕಡೆಗೆ ಹರಡಿದರೆ ಭಾರ ಓರೆಯಾಗಿ ಬಿದ್ದು, ಅದನ್ನು ಸರಿದೂಗಿಸಲು ಒಳಗಿನ ಕಂಬಕ್ಕೆ ದಪ್ಪ ತೊಲೆ ಕಟ್ಟಬೇಕು. ಕಬ್ಬಿಣದ ಖರ್ಚು ಏರುತ್ತದೆ. ಪಕ್ಕದವರ ಹಳೆಯ ಪಾಯದ ಬುಡಕ್ಕೇ ಹೊಂದಿಕೊಂಡು ಗುಂಡಿ ತೋಡಿ, ಮಳೆ ಬಂದು, ಅವರ ಗೋಡೆ ಬಿರುಕು ಬಿಟ್ಟರೆ ಪೊಲೀಸು, ಕೋರ್ಟು. 1 ಮೀಟರ್ ಬಿಟ್ಟರೆ ಫುಟಿಂಗ್‌ಗೆ ಬೇಕಾದ ಹರವು ಬಹುಮಟ್ಟಿಗೆ ನಿಮ್ಮ ಜಾಗದಲ್ಲೇ ಸಿಗುತ್ತದೆ.

"ಪಕ್ಕದವರು ಒಂದು ಇಂಚೂ ಬಿಟ್ಟಿಲ್ಲ, ನಾವೇಕೆ ಬಿಡಬೇಕು" ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರು ಬಿಡದಿದ್ದರೆ ನಿಮಗೆ ಬಿಡುವ ಅಗತ್ಯ ಇನ್ನೂ ಹೆಚ್ಚು. ಅವರ ಗೋಡೆಯಿಂದ ದೂರವಿರಲು ನಿಮ್ಮ ಬಳಿ ಇರುವುದು ನಿಮ್ಮ ಸೆಟ್‌ಬ್ಯಾಕ್ ಒಂದೇ.

ಸರಿ, ಹಾಗಾದರೆ ಏನು ಕಟ್ಟಬಹುದು? ಸುತ್ತ 1 ಮೀಟರ್ ಬಿಟ್ಟರೆ ಉಳಿಯುವುದು 7×10, ಅಂದರೆ 70 ಚದರ ಮೀಟರ್, ಏಳೂವರೆ ಚದರ. ನೆಲ ಮುಚ್ಚುವುದು ಶೇ 65, ಮಿತಿ 75. ಮೂರು ಮಹಡಿ ಪೂರ್ತಿ ಕಟ್ಟಿದರೆ 210, ಮಿತಿ 189. ಇಲ್ಲಿ ಮಿತಿ ಮೀರುವ 21 ಚದರ ಮೀಟರ್‌ನಲ್ಲೇ ಒಳ್ಳೆಯ ಮನೆಯ ಗುಟ್ಟಿದೆ. ಅದನ್ನು ಕಾರಿಗೂ ಬೆಳಕಿಗೂ ಹಂಚಿಬಿಡಿ.

ನಿಮ್ಮ ತಾಯಿಯ ವಯಸ್ಸು ನೋಡಿ ನಾನು ಸ್ಟಿಲ್ಟ್ ಬೇಡ ಎನ್ನುತ್ತೇನೆ. ಸ್ಟಿಲ್ಟ್ ಮಾಡಿದರೆ ಅವರ ಕೋಣೆ ಒಂದು ಮಹಡಿ ಮೇಲೆ ಹೋಗುತ್ತದೆ, ಆಗ ಲಿಫ್ಟ್ ಇಲ್ಲದೆ ಆಗದು. ಬರೀ ಕಂಬಗಳ ಮೇಲೆ ನಿಂತ ಕೆಳಮಹಡಿ ಅಡ್ಡ ಬಲಕ್ಕೆ ದುರ್ಬಲವೂ ಹೌದು. ಲೆಕ್ಕ ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಇಲ್ಲದೆ ಅದಕ್ಕೆ ಕೈಹಾಕಬಾರದು. ಬದಲಿಗೆ ನೆಲಮಹಡಿಯ ಮುಂಭಾಗದ ಆಗ್ನೇಯ ಮೂಲೆಯಲ್ಲಿ 3×5.5 ಮೀಟರ್ ಕಾರಿಗೆ ಬಿಡಿ, ಮೇಲೆ ಮಹಡಿ ಬರಲಿ. ಮನೆಯ ನಡುಮಧ್ಯದಲ್ಲಿ, ಮೆಟ್ಟಿಲಿಗೆ ಹೊಂದಿಕೊಂಡಂತೆ, 1.5×2 ಮೀಟರ್‌ನ ಒಂದು ತೆರಪನ್ನು ತಾರಸಿಯವರೆಗೆ ಬಿಡಿ. ಈಗ ಕೂಡಿ. ನೆಲಮಹಡಿ 50.5, ಮೊದಲ ಮಹಡಿ 67, ಎರಡನೆಯದು 67, ಒಟ್ಟು 184.5. ಮಿತಿಯೊಳಗೆ ಬಂತು. ನೆಲಮಹಡಿಯಲ್ಲಿ ತಾಯಿಯ ಕೋಣೆ, ಅದಕ್ಕೆ ಅಂಟಿದ ಬಚ್ಚಲು, ನಡುಮನೆ, ಅಡುಗೆಮನೆ. ಮೊದಲ ಮಹಡಿಯಲ್ಲಿ ನಿಮ್ಮ ಎರಡು ಮಲಗುವ ಕೋಣೆ, ಓದುವ ಜಾಗ. ಎರಡನೆಯದು ಏಳು ಚದರದ ಎರಡು ಕೋಣೆಯ ಬಾಡಿಗೆ ಮನೆ, ಮೆಟ್ಟಿಲು ಹೊರಬಾಗಿಲಿನ ಪಕ್ಕದಿಂದಲೇ ಪ್ರತ್ಯೇಕ.

ನಡುವಿನ ಆ ತೆರಪು ಅಲಂಕಾರಕ್ಕಲ್ಲ. ಬಚ್ಚಲು, ಪಾಯಿಖಾನೆ ಗಾಳಿಯಾಡಲು ಬಿಡುವ ಗೂಡು, ಕಟ್ಟಡ 10 ಮೀಟರ್ ಎತ್ತರದವರೆಗಿದ್ದರೆ ಕನಿಷ್ಠ 1.2 ಚದರ ಮೀಟರ್ ಇರಬೇಕು, ಕಿರಿದಾದ ಬದಿ 0.9 ಮೀಟರ್‌ಗೆ ಕಡಿಮೆ ಇರಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಎತ್ತರ 12 ಮೀಟರ್ ತಲುಪಿದರೆ 2.8 ಚದರ ಮೀಟರ್ ಮತ್ತು 1.2 ಮೀಟರ್. ನೀವು ಬಿಡುವ 3 ಚದರ ಮೀಟರ್ ಎರಡಕ್ಕೂ ಸಾಲುತ್ತದೆ. ಮಲಗುವ ಕೋಣೆಗೆ ಮಾತ್ರ ಈ ಗೂಡಿನ ಗಾಳಿ ಸಾಲದು, ಅದರ ಕಿಟಕಿ ಹೊರಗಿನ ಬಯಲಿಗೇ ತೆರೆಯಬೇಕು.

ಅದೇ ಸಂಹಿತೆಯ ಇನ್ನೂ ಕೆಲವು ಅಳತೆಗಳನ್ನು ನಕ್ಷೆಯಲ್ಲಿ ಪರೀಕ್ಷಿಸಿ. ಮೊದಲ ವಾಸದ ಕೋಣೆ 9.5 ಚದರ ಮೀಟರ್‌ಗೆ ಕಡಿಮೆ ಇರಬಾರದು, ಅಗಲ 2.4 ಮೀಟರ್ ಇರಲಿ. ಅಡುಗೆಮನೆ 5 ಚದರ ಮೀಟರ್, ಅಗಲ 1.8. ಕೋಣೆಯ ಎತ್ತರ 2.75 ಮೀಟರ್. ಮೆಟ್ಟಿಲ ಎತ್ತರ 19 ಸೆಂಟಿಮೀಟರ್ ಮೀರಬಾರದು ಎಂದಿದ್ದರೂ ನಿಮ್ಮ ಮನೆಗೆ 16 ಇಟ್ಟುಕೊಳ್ಳಿ. 3 ಮೀಟರ್ ಏರಲು 16 ಮೆಟ್ಟಿಲ ಬದಲು 19 ಆಗುತ್ತದೆ, ಸ್ವಲ್ಪ ಜಾಗ ತಿನ್ನುತ್ತದೆ. ನಿಮಗೂ ವಯಸ್ಸಾಗುತ್ತದೆ, ಆಗ ಈ ಮೂರು ಮೆಟ್ಟಿಲು ಉಪಕಾರಕ್ಕೆ ಬರುತ್ತವೆ.

ಕರೆಂಟ್ ಕಂಬದ ಮಾತು. ಮೇಲಿನ ತಂತಿ 11 ಕೆವಿಯದಾದರೆ ಕಟ್ಟಡದ ಯಾವ ಭಾಗದಿಂದಲೂ ಅಡ್ಡಲಾಗಿ 1.2 ಮೀಟರ್, ಮೇಲಿನಿಂದ 3.7 ಮೀಟರ್ ಅಂತರ ಇರಲೇಬೇಕು. ಮನೆಗೆ ಬರುವ ಕಡಿಮೆ ಒತ್ತಡದ ತಂತಿಗಾದರೆ 1.2 ಮತ್ತು 2.5. ಅಳೆಯಬೇಕಾದ್ದು ಗೋಡೆಯಿಂದಲ್ಲ, ಬಾಲ್ಕನಿಯ ತುದಿಯಿಂದ, ಸಜ್ಜಾದ ತುದಿಯಿಂದ, ಅದೂ ಗಾಳಿಗೆ ತಂತಿ ಓಲಾಡುವುದನ್ನು ಗಮನದಲ್ಲಿಟ್ಟುಕೊಂಡು. ನಿಮ್ಮ ಬದಿಯಲ್ಲೇ ಕಂಬವಿದೆ. ಮುಂದೆ 1 ಮೀಟರ್ ಬಿಟ್ಟು, ಮೊದಲ ಮಹಡಿಯಿಂದ ಬಾಲ್ಕನಿಯನ್ನು ಮೂರಡಿ ಹೊರಗೆ ಚಾಚಿದರೆ ಬಿಟ್ಟ ಜಾಗ ಮೇಲೆ ಮಾಯವಾಗುತ್ತದೆ. ಬಟ್ಟೆ ಒಣಹಾಕಲು ಹೋದವರು, ಗಾಳಿಪಟ ಹಿಡಿದ ಮಕ್ಕಳು, ಕಬ್ಬಿಣದ ಸರಳು ಎತ್ತುವ ಕೂಲಿಯವರು ಹೀಗೇ ಜೀವ ಕಳೆದುಕೊಳ್ಳುತ್ತಾರೆ. ಬಾಲ್ಕನಿ ಬೇಕೆಂದರೆ ಕಟ್ಟಡದ ಗೆರೆಯ ಒಳಗೇ ತೆಗೆದುಕೊಳ್ಳಿ. ಕೆಲಸ ಶುರುವಾಗುವ ಮೊದಲೇ ಬೆಸ್ಕಾಂನ ಸ್ಥಳೀಯ ಕಚೇರಿಗೆ ಅರ್ಜಿ ಕೊಟ್ಟು ತಂತಿ ಯಾವ ಒತ್ತಡದ್ದು ಎಂದು ಖಚಿತಪಡಿಸಿಕೊಳ್ಳಿ.

ಹಿಂದಿನ ಮೋರಿಯ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ. 2007ರ ನಿಯಮಗಳಲ್ಲಿ ಪ್ರಾಥಮಿಕ ರಾಜಕಾಲುವೆಗೆ ಅದರ ಮಧ್ಯದಿಂದ 50 ಮೀಟರ್, ದ್ವಿತೀಯ ಹಂತದ್ದಕ್ಕೆ 25, ತೃತೀಯ ಹಂತದ್ದಕ್ಕೆ 15 ಮೀಟರ್ ಏನೂ ಕಟ್ಟದೆ ಬಿಡಬೇಕಾದ ಮೀಸಲು ಜಾಗ. 2016ರಲ್ಲಿ ಹಸಿರು ನ್ಯಾಯಮಂಡಳಿ ಈ ಅಂತರಗಳನ್ನು ಹೆಚ್ಚಿಸಿತ್ತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗಿರಿಸಿತು. ನೀವು ಹೇಳಿದ ಪ್ರಕಾರ ನಿಮ್ಮ ಹಿಂಗಡಿಯ ಆಚೆ 12 ಮೀಟರ್‌ನ ಒಂದು ಸೈಟು, 9 ಮೀಟರ್ ರಸ್ತೆ, ಆಮೇಲೆ ಮೋರಿ. ಮೋರಿಯ ಮಧ್ಯದಿಂದ ನಿಮ್ಮ ಗಡಿಗೆ ಸುಮಾರು 23 ಮೀಟರ್ ಎಂದಿಟ್ಟುಕೊಳ್ಳೋಣ. ಅದು ತೃತೀಯ ಹಂತದ ಕಾಲುವೆಯಾದರೆ ನಿಮಗೆ ಸಂಬಂಧವಿಲ್ಲ. ದ್ವಿತೀಯ ಹಂತದ್ದಾದರೆ ನಿಮ್ಮ ಹಿತ್ತಲಿನ ಎರಡು ಮೀಟರ್ ಅದರೊಳಗೆ ಬರುತ್ತದೆ. ಪ್ರಾಥಮಿಕವಾದರೆ ಇಡೀ ಸೈಟು. ಬೀದಿಯವರ ಅಭಿಪ್ರಾಯದಿಂದ ಇದು ತೀರ್ಮಾನವಾಗುವ ಮಾತಲ್ಲ. ದಿಶಾಂಕ್ ಆ್ಯಪ್ ತೆರೆದು ಆ ಜಾಗದ ಸರ್ವೆ ನಂಬರ್ ತಿಳಿದುಕೊಳ್ಳಿ, ಕಂದಾಯ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆಸಿ, ಬಿಡಿಎಯ ಅನುಮೋದಿತ ಬಡಾವಣೆ ನಕ್ಷೆಯ ಜತೆ ಇಟ್ಟು ನೋಡಿ. ಪಾಲಿಕೆಯ ಮಳೆನೀರು ಕಾಲುವೆ ವಿಭಾಗದಿಂದ ಕಾಲುವೆ ಯಾವ ಹಂತದ್ದೆಂದು ಬರಹದಲ್ಲಿ ಉತ್ತರ ತರಿಸಿ. ಇದಕ್ಕೆ ಒಂದೆರಡು ತಿಂಗಳು ಹಿಡಿದರೂ ಕಾಯಿರಿ. ಬಡಾವಣೆ ನಕ್ಷೆಯಲ್ಲಿ ನಿಮ್ಮ ಸೈಟಿನ ಸಂಖ್ಯೆ ಇರುವುದು ನಿಮ್ಮ ಪರವಾದ ಬಲವಾದ ದಾಖಲೆ, ಅದರ ದೃಢೀಕೃತ ಪ್ರತಿ ಕಡತದಲ್ಲಿರಲಿ.

ಮಳೆನೀರಿನ ವಿಷಯ. 2009ರಿಂದ ಜಲಮಂಡಳಿ ವ್ಯಾಪ್ತಿಯಲ್ಲಿ 30×40 ಮತ್ತು ಮೇಲ್ಪಟ್ಟ ಸೈಟಿನ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ತಾರಸಿ ಮತ್ತು ಗಾರೆ ಹಾಕಿದ ಅಂಗಳದ ವಿಸ್ತೀರ್ಣಕ್ಕೆ ತಕ್ಕಷ್ಟು ನೀರು ಹಿಡಿಯುವ ಅಥವಾ ಇಂಗಿಸುವ ವ್ಯವಸ್ಥೆ ಬೇಕು. ಒಂದು ಸಂಜೆ 50 ಮಿಲಿಮೀಟರ್ ಮಳೆ ಬಿದ್ದರೆ ನಿಮ್ಮ 70 ಚದರ ಮೀಟರ್ ತಾರಸಿಯೊಂದರಿಂದಲೇ 3,500 ಲೀಟರ್ ಇಳಿಯುತ್ತದೆ. ಆದ್ದರಿಂದ ಕಾವೇರಿ ನೀರಿನ ಸಂಪ್ ಬೇರೆ, ಮಳೆನೀರಿಗೆ 5,000 ಲೀಟರ್‌ನದು ಬೇರೆ ಮಾಡಿಸಿ. ತುಂಬಿ ಹೊರಬರುವುದು ಹಿತ್ತಲ ಇಂಗುಬಾವಿಗೆ ಹೋಗಲಿ. ವಾಸ್ತು ನೋಡುವ ಮನೆಯಾದರೆ ಸಂಪು ಈಶಾನ್ಯದಲ್ಲಿ ಬೇಕೆನ್ನುತ್ತಾರೆ. ಕಾರು ಆಗ್ನೇಯಕ್ಕಿರುವುದರಿಂದ ಅದಕ್ಕೂ ತೊಂದರೆಯಿಲ್ಲ. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನವಿದೆ. ಫಿಲ್ಟರು, ಇಂಗುಗುಂಡಿಗಳ ಮಾದರಿಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ನಿಮ್ಮ ಪ್ಲಂಬರ್‌ನನ್ನೂ ಕರೆದುಕೊಂಡು ಹೋಗಿ.

ಅಂಗಳಕ್ಕೆಲ್ಲ ಗಾರೆ ಹಾಕಿಸಬೇಡಿ. ಉತ್ತರದ ಸಂದಿನಲ್ಲಿ ಓಡಾಡಲು ಒಂದು ಸಾಲು ಚಪ್ಪಡಿ ಸಾಕು, ಉಳಿದದ್ದು ಮಣ್ಣಾಗಿರಲಿ. ಕಾರಿನ ಇಳಿಜಾರು ನಿಮ್ಮ ಗೇಟಿನ ಒಳಗೇ ಮುಗಿಯಬೇಕು. ಚರಂಡಿಯ ಮೇಲೆ, ಪಾದಚಾರಿ ಮಾರ್ಗದ ಮೇಲೆ ಕಟ್ಟಿದ ರ‍್ಯಾಂಪು ಎಂದಿದ್ದರೂ ಒಡೆಯುವಂಥದ್ದು, ನಿಮ್ಮ ತಾಯಿಯಂಥವರೇ ಅಲ್ಲಿ ಎಡವುವುದು.

ಮಂಜೂರಾತಿಯ ದಾರಿ ಈಗ ಮೊದಲಿನಷ್ಟು ಕಷ್ಟವಿಲ್ಲ. 50×80 ಅಡಿವರೆಗಿನ ವಾಸದ ಸೈಟುಗಳಿಗೆ 2024ರಲ್ಲಿ 'ನಂಬಿಕೆ ನಕ್ಷೆ' ಬಂತು. ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ತಾವೇ ದೃಢೀಕರಿಸಿ ಆನ್‌ಲೈನ್‌ನಲ್ಲಿ ನಕ್ಷೆ ಸಲ್ಲಿಸುತ್ತಾರೆ. ಅವರ ಸಹಿಯೇ ಹೊಣೆ, ಹಾಗಾಗಿ ಸಹಿ ಮಾಡುವವರೇ ನಿಮ್ಮ ಮನೆ ವಿನ್ಯಾಸ ಮಾಡಲಿ. ಬೇರೆ ಯಾರದೋ ಮೊಹರು ಒತ್ತಿಸಿಕೊಂಡು ಬರುವ ಕಂಟ್ರಾಕ್ಟರ್ ಬೇಡ. ಇ-ಖಾತೆ, ತೆರಿಗೆ ರಸೀದಿ, ಹಂಚಿಕೆ ಮತ್ತು ಸ್ವಾಧೀನ ಪತ್ರ ನಿಮ್ಮ ಹೆಸರಿನಲ್ಲಿ ಇರಬೇಕು. ತಂದೆಯವರ ಹೆಸರಿನಲ್ಲೇ ಇದ್ದರೆ ಮೊದಲು ಪೌತಿಯೋ ದಾನಪತ್ರವೋ ಮಾಡಿಸಿ ಖಾತೆ ಬದಲಾಯಿಸಿಕೊಳ್ಳಿ, ನಕ್ಷೆಯ ಕೆಲಸ ಅದರ ನಂತರ.

ಕಂಟ್ರಾಕ್ಟರ್ ಒಪ್ಪಂದದ ಬಗ್ಗೆ ಒಂದು ಮಾತು ಉಳಿದಿದೆ. ಅವರು ದರ ಹೇಳುವುದು ಚದರದ ಲೆಕ್ಕದಲ್ಲಿ. ಮನೆ ಹಿಗ್ಗಿದಷ್ಟೂ ಅವರ ಬಿಲ್ಲು ಹಿಗ್ಗುತ್ತದೆ. ಅದಕ್ಕೇ ಮುಂಗಡ ಕೊಡುವ ಮೊದಲು ಮಂಜೂರಾದ ನಕ್ಷೆಯ ಪ್ರತಿಯನ್ನು ಒಪ್ಪಂದಕ್ಕೆ ಲಗತ್ತಿಸಿ ಎರಡೂ ಕಡೆಯವರ ಸಹಿ ಹಾಕಿಸಿ. ನಕ್ಷೆ ಮೀರಿ ಕಟ್ಟಿದ ಭಾಗಕ್ಕೆ ಹಣವಿಲ್ಲ, ಒಡೆಯುವ ಖರ್ಚು ಕಂಟ್ರಾಕ್ಟರ್‌ದೇ ಎಂದು ಬರೆಸಿ. ಪಾಯದ ಗುರುತು ಹಾಕುವ ದಿನ ನೀವೇ ನಿಂತು ನಾಲ್ಕು ಕಡೆಯೂ 1 ಮೀಟರ್ ಟೇಪು ಹಿಡಿದು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಪ್ಲಿಂತ್ (ನೆಲಗಟ್ಟು) ಮಟ್ಟಕ್ಕೆ ಬಂದಾಗ ಮತ್ತೊಮ್ಮೆ ಅಳೆಯಿರಿ. ಸುಣ್ಣದ ಗೆರೆಯ ಹಂತದಲ್ಲಿ ತಪ್ಪು ಸಿಕ್ಕರೆ ಅಳಿಸಿ ಹೊಸದಾಗಿ ಎಳೆಯಬಹುದು, ಕಂಬ ಎದ್ದ ಮೇಲೆ ಅದು ಆಗುವ ಕೆಲಸವಲ್ಲ.